ಸುಣ್ಣದ ಅಕ್ಷರಗಳ ವರ್ಷ

ಕಳೆದ ಜೂನ್ ತಿಂಗಳಲ್ಲಿ ಮೊಮ್ಮಗಳನ್ನು ಶಾಲೆಗೆ ಸೇರಿಸಲು ಮಗ ಸೊಸೆಯ ಜೊತೆ ತಿಕೋಟಾದಿಂದ ವಿಜಯಪುರಕ್ಕೆ ಹೋಗಿದ್ದೆ. ಮೊಮ್ಮಗಳಿಗೆ ಅಕ್ಷರ ಹತ್ತುವುದು ಸ್ವಲ್ಪ ನಿಧಾನ. ಅಂಥ ಮಕ್ಕಳಿಗೆ ಕಲಿಸಲೆಂದೇ ಬೇರೆ ಟೀಚರು ಇರುವುದು ಪಾದ್ರಿಗಳ ಆ ಶಾಲೆಯಲ್ಲಿ, ನಾನು ಓದಿದ ಶಾಲೆಯಲ್ಲೇ. ಮಕ್ಕಳ ಮನಸ್ಸಿನ ಮಾತು ಕೇಳಲು ಈಗ ಅಲ್ಲಿ ಒಂದು ಪ್ರತ್ಯೇಕ ಕೊಠಡಿಯೂ ಇದೆ. ಬಾಗಿಲ ಮೇಲೆ 'ಆಪ್ತ ಸಮಾಲೋಚನೆ' ಎಂಬ ಬೋರ್ಡು. ಒಳಗೆ ಬಣ್ಣದ ಕುರ್ಚಿಗಳು, ಗೋಡೆಯ ಮೇಲೆ ಚಿಟ್ಟೆಗಳ ಚಿತ್ರ. ಮಗ ಸೊಸೆ ಟೀಚರ ಜೊತೆ ಮಾತಾಡುತ್ತಿದ್ದಾಗ ನಾನು ಮೈದಾನದ ಕಡೆ ನಡೆದೆ. ಹಿಂದಿನ ದಿನ ಮಳೆಯಾಗಿತ್ತು. ಖೋ ಖೋ ಅಂಕಣಕ್ಕೆ ಎಳೆದ ಸುಣ್ಣದ ಗೆರೆಗಳು ನೆನೆದು, ಕರಿಮಣ್ಣಿನ ವಾಸನೆಯೊಡನೆ ಹಸಿ ಸುಣ್ಣದ ವಾಸನೆ ಮೂಗಿಗೆ ಬಂತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಸೊಸೆ ಓಡಿ ಬಂದಳು. "ಮಾವಾರ, ಯಾಕ ಕುಂತ್ರಿ? ಆರಾಮ ಅದೀರಿಲ್ಲೋ?"

"ಆರಾಮ ಅದೀನವ್ವಾ. ವಾಸನಿ ನೋಡಾಕತ್ತಿದ್ದೆ," ಎಂದೆ.

ಅವಳಿಗೆ ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಓದು ಎಸ್ಸೆಲ್ಸಿಗೆ ನಿಂತದ್ದು. ದೊಡ್ಡ ಮಾತುಗಳು ನನಗೆ ಬರುವುದಿಲ್ಲ. ಮಾಡಿದ್ದನ್ನು ಮಾಡಿದ ಹಾಗೆ ಹೇಳುವುದಷ್ಟೇ ನನ್ನ ಉದ್ದೇಶ.

ಅದು ಎಪ್ಪತ್ತರ ದಶಕದ ನಡುವಿನ ಒಂದು ವರ್ಷ, ನಮ್ಮ ಎಸ್ಸೆಲ್ಸಿ ವರ್ಷ. ಊರಿನ ಹೆಸರು ಆಗ ಬಿಜಾಪುರ. ಶಾಲೆ ಇದ್ದದ್ದು ಇಬ್ರಾಹಿಂಪುರದ ಅಂಚಿನಲ್ಲಿ. ಹಿಂದಿನ ಗೋಡೆಯಾಚೆ ರೈಲುಹಳಿ, ಹಳಿಯಾಚೆ ಕಣ್ಣು ಮುಟ್ಟುವವರೆಗೆ ಎರೆಹೊಲ. ಬೋರ್ಡಿಂಗಿನಲ್ಲಿ ಕ್ರಿಶ್ಚಿಯನ್ ಹುಡುಗರು ಅರ್ಧ, ಒಕ್ಕಲಿಗರ ಮತ್ತು ಅಂಗಡಿಕಾರರ ಮಕ್ಕಳು ಅರ್ಧ. ನಮ್ಮಪ್ಪನದು ತಿಕೋಟಾದಲ್ಲಿ ಕಿರಾಣಿ ಅಂಗಡಿ. ಕೊರಳಲ್ಲಿ ಲಿಂಗ ಕಟ್ಟಿಕೊಂಡೇ ನಾನು ಇಗರ್ಜಿಯ ಗಂಟೆಗೆ ಏಳುತ್ತಿದ್ದೆ. ಅದರಲ್ಲಿ ಯಾರಿಗೂ ವಿಚಿತ್ರ ಕಾಣುತ್ತಿರಲಿಲ್ಲ.

ನನ್ನ ಪಕ್ಕದ ಹಾಸಿಗೆ ಬೀರಪ್ಪನದು. ಅವನು ಕಾಖಂಡಕಿಯ ಕುರಿ ಕಾಯುವ ಮನೆಯವನು, ನನಗಿಂತ ಒಂದು ಗೇಣು ಎತ್ತರ. ಅವನಿಗೆ ಓದಲು ಬರುತ್ತಿರಲಿಲ್ಲ. ಅಕ್ಷರ ಗೊತ್ತಿರಲಿಲ್ಲ ಎಂದಲ್ಲ. ಒಂದೊಂದನ್ನೇ ತೋರಿಸಿದರೆ ಹೇಳುತ್ತಿದ್ದ. ನಾಲ್ಕು ಕೂಡಿ ಒಂದು ಪದವಾದ ಕೂಡಲೇ ಅವು ದಡ್ಡಿಯ ಬಾಗಿಲು ತೆರೆದಾಗ ನುಗ್ಗುವ ಕುರಿಗಳ ಹಾಗೆ ಒಂದರ ಮೇಲೊಂದು ಬೀಳುತ್ತಿದ್ದವು. ಹಾಗೆಂದು ಅವನೇ ಹೇಳಿದ್ದ. ಹಿಂದಿನ ತರಗತಿಗಳಲ್ಲಿ ಮಾಸ್ತರರು ಅವನ ಬಾಯಿಪಾಠ ಕೇಳಿ, ಉತ್ತರಪತ್ರಿಕೆಯ ಮುರುಕು ಬರಹಕ್ಕೆ 'ಕೈಬರಹ ಕೆಟ್ಟದು' ಎಂದು ಬೈದು, ಮುಂದಕ್ಕೆ ಹಾಕಿದ್ದರು. ನಿಜ ಗೊತ್ತಿದ್ದದ್ದು ನನಗೊಬ್ಬನಿಗೇ.

ನಮ್ಮಲ್ಲಿ ಒಂದು ಒಪ್ಪಂದವಿತ್ತು. ಸಂಜೆ ಹಿಂದಿನ ಗೋಡೆಯ ಮೇಲೆ ಕುಳಿತು ನಾನು ಪಾಠ ಓದುತ್ತಿದ್ದೆ, ಅವನು ಕೇಳುತ್ತಿದ್ದ. ಒಮ್ಮೆ ಕೇಳಿದರೆ ಮುಗಿಯಿತು, ಅಲ್ಪವಿರಾಮ ಸಹಿತ ಅವನ ತಲೆಯಲ್ಲಿ ಉಳಿಯುತ್ತಿತ್ತು. ಬದಲಿಗೆ ನನಗೆ ಬಿಡಿಸಲಾಗದ ಲೆಕ್ಕಗಳನ್ನು ಅವನು ಬಾಯಿಯಲ್ಲೇ ಬಿಡಿಸಿ ಹೇಳುತ್ತಿದ್ದ. ಸೊಲ್ಲಾಪುರದ ಗಾಡಿ ಬಂದರೆ ಹೊಗೆ ಹೋಗುವವರೆಗೆ ಇಬ್ಬರೂ ಕಣ್ಣು ಮುಚ್ಚಿ ಕೂರುತ್ತಿದ್ದೆವು.

ಶ್ರಾವಣದಲ್ಲಿ ಶಾಲಾ ತಪಾಸಣೆ ಇತ್ತು. ಹಿಂದಿನ ಸಂಜೆ ಭೂಗೋಳದ ಪಾಠ ಓದಬೇಕಾಗಿತ್ತು. ಟಂಡ್ರಾ ಪ್ರದೇಶದ ಜನರದು. ಅವರು ಹಿಮದ ಗಡ್ಡೆ ಕಡಿದು ಮನೆ ಕಟ್ಟುತ್ತಾರೆ ಎಂದು ನಾನು ಓದಿದಾಗ ಬೀರಪ್ಪ ಬಾಯಿ ತೆರೆದ. "ಖರೇನಲೇ? ಬರ್ಫದ ಮನಿ?"

"ಪುಸ್ತಕದಾಗ ಅದ," ಎಂದೆ.

ಪುಸ್ತಕದ ನಿಜವೇ ಅಷ್ಟು ಸುಳ್ಳಿನಂತೆ ಇತ್ತು. ನನ್ನ ಸುಳ್ಳು ಅದರ ಪಕ್ಕದಲ್ಲಿ ಸುಖವಾಗಿ ಕುಳಿತುಕೊಂಡಿತು. ಪುಟ ತಿರುವುತ್ತ, ಅದೇ ಓದುವ ದನಿಯಲ್ಲಿ ನಾನು ಹೇಳಿದೆ: "ಬೇಸಿಗೆಯಲ್ಲಿ ಈ ಮನೆಗಳು ಕರಗುತ್ತವೆ. ಆಗ ಅವರು ಆ ನೀರನ್ನು ಕುಡಿದು, ಚಳಿಗಾಲ ಬರುವವರೆಗೆ ಬೀಗರ ಮನೆಯಲ್ಲಿ ವಾಸಿಸುತ್ತಾರೆ."

ಮರುದಿನ ತಪಾಸಣೆಯ ಸಾಹೇಬರು ನಮ್ಮ ತರಗತಿಗೆ ಬಂದರು. ಬಿಳಿ ಅಂಗಿಯ, ನಗುಮುಖದ ಮನುಷ್ಯ. ಟಂಡ್ರಾದ ಜನ ಹೇಗಿರುತ್ತಾರೆ ಎಂದು ಕೇಳಿದರು. ಎಂದಿನಂತೆ ಬೀರಪ್ಪ ಎದ್ದು ನಿಂತ.

"ಬರ್ಫದ ಗಡ್ಡಿ ಕಡದು ಮನಿ ಕಟ್ಟಕೋತಾರ್ರಿ. ಒಳಗ ತೊಗಲ ಹಾಸ್ತಾರ್ರಿ."

"ಶಾಬಾಸ್! ಮುಂದ?"

"ಬ್ಯಾಸಗ್ಯಾಗ ಮನಿ ಕರಗತಾವರಿ. ಆ ನೀರ ಕುಡದು, ಥಂಡಿ ಬರೂತನಾ ಬೀಗರ ಮನ್ಯಾಗ ಇರತಾರ್ರಿ."

ಸಾಹೇಬರು ಕೇಳಿದರು, "ಬೀಗರ ಮನಿ ಮಾತ್ರ ಕರಗೂದಿಲ್ಲೇನಪಾ?"

ತರಗತಿ ಸ್ಫೋಟಿಸಿತು. ಬೆಂಚು ಬಡಿದು ನಕ್ಕರು. ಬೀರಪ್ಪ ಅಲುಗಲಿಲ್ಲ. "ಪುಸ್ತಕದಾಗ ಐತ್ರಿ," ಎಂದ.

"ತಗದು ಓದು ಹಂಗಾರ."

ಅವನು ಪುಸ್ತಕ ತೆರೆದು ನನ್ನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಯಾವ ಪುಟ ಎಂದು ಕೇಳುತ್ತಿದ್ದ, ಅಷ್ಟೇ. ನಾನು ತಲೆ ತಗ್ಗಿಸಿದೆ. ಅವನು ಒಂದು ಸಾಲಿನ ಕೆಳಗೆ ಬೆರಳಿಟ್ಟು ನಿಂತ. ಬೆರಳು ಅಲ್ಲೇ ಇತ್ತು, ಬಾಯಿಯಿಂದ ಏನೂ ಬರಲಿಲ್ಲ. ನಗು ತಾನಾಗಿ ನಿಂತುಹೋಯಿತು. ಸಾಹೇಬರು ಮಾಸ್ತರರ ಕಡೆ ತಿರುಗಿ, "ಹತ್ತನೇತ್ತಾ ತನಕ ಹೆಂಗ ಬಂದ ಇಂವಾ?" ಎಂದರು. ಮಾಸ್ತರರು ಬೆವರು ಒರೆಸಿಕೊಂಡು, "ದಡ್ಡ ಇದ್ದಾನ್ರೀ," ಎಂದರು.

ಆ ದಿನದಿಂದ ಬೀರಪ್ಪ ಮಾತಾಡುವುದನ್ನು ಬಿಟ್ಟ. ಊಟಕ್ಕೆ ಕರೆದರೆ ಬರುತ್ತಿದ್ದ, ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದ. ಮುಖ್ಯೋಪಾಧ್ಯಾಯರಾದ ಫಾದರ್ ಪಾಸ್ಕಲ್ ನನ್ನನ್ನು ಕಚೇರಿಗೆ ಕರೆದು ಏನಾಯಿತು ಎಂದು ಕೇಳಿದರು. ಏನೂ ಗೊತ್ತಿಲ್ಲ ಎಂದೆ. ಅದಾದ ಮೇಲೆ ಒಂದು ಸಂಜೆ ರೈಲ್ವೆ ಗ್ಯಾಂಗ್‌ಮನ್ ಒಬ್ಬ ಬೀರಪ್ಪನ ರಟ್ಟೆ ಹಿಡಿದು ಶಾಲೆಯ ಗೇಟಿಗೆ ಕರೆತಂದ.

"ಈ ಹುಡುಗನ್ನ ನೋಡ್ಕೋರಿ ಫಾದರ. ಹಳಿ ಮ್ಯಾಲ ಕುಂತಿದ್ದ. ಗಾಡಿ ಸೀಟಿ ಹೊಡದ್ರೂ ಏಳವಲ್ಲ."

ಅವನು ಏನು ಅಂದುಕೊಂಡು ಅಲ್ಲಿ ಕುಳಿತಿದ್ದ ಎಂದು ನಾನು ಇವತ್ತಿಗೂ ಕೇಳಿಲ್ಲ. ಆ ರಾತ್ರಿ ಮಾತ್ರ ಅವನು ಹಾಸಿಗೆಯಲ್ಲಿ ಇದ್ದಾನೋ ಇಲ್ಲವೋ ಎಂದು ಮತ್ತೆ ಮತ್ತೆ ಎದ್ದು ನೋಡಿದೆ.

ಶನಿವಾರ ಸಂಜೆ ಕ್ರಿಶ್ಚಿಯನ್ ಹುಡುಗರು ಇಗರ್ಜಿಯಲ್ಲಿ ಸಾಲು ನಿಲ್ಲುತ್ತಿದ್ದರು. ಗೋಡೆಗೆ ಹಚ್ಚಿ ದೊಡ್ಡ ಕಪಾಟಿನಂಥ ಒಂದು ಪೆಟ್ಟಿಗೆ ಇತ್ತು. ಒಬ್ಬೊಬ್ಬರೇ ಹೋಗಿ, ಒಳಗೆ ಕುಳಿತ ಫಾದರ್ ಹತ್ತಿರ ಪಿಸುಗುಟ್ಟಿ, ಹೊರಗೆ ಬಂದವರೇ ಚೆಂಡಾಟಕ್ಕೆ ಓಡುತ್ತಿದ್ದರು. ಏನು ಮಾಡಿದರೂ ಅಲ್ಲಿ ಹೇಳಿದರೆ ಹಗುರಾಗುತ್ತದೆ ಎಂದು ಕೇಳಿದ್ದೆ. ನಾನೂ ಹೋಗಿ ಸಾಲಿನಲ್ಲಿ ನಿಂತೆ. ನನ್ನ ಮುಂದಿದ್ದ ಸಹಪಾಠಿ ಅಂತೋನಿ ತಿರುಗಿ ನೋಡಿ ಬೆಚ್ಚಿದ.

"ನೀ ಯಾಕ ಬಂದಿ ಲೇ ಚನ್ಯಾ? ಲಿಂಗಾ ಕಟ್ಟಿದವ್ರಿಗೆ ಇಲ್ಲಿ ಏನೂ ಕೊಡೂದಿಲ್ಲ."

"ನಾ ಬೇಡಾಕ ಬಂದಿಲ್ಲ. ಕೊಡಾಕ ಬಂದೀನಿ."

ನನ್ನ ಸರದಿ ಬಂತು. ಪೆಟ್ಟಿಗೆಯ ನಡುವೆ ಪರದೆ ಇತ್ತು. ಡಾಕ್ಟರರ ಕೋಣೆಗೆ ಹೋಗುವ ಹಾಗೆ ಅದನ್ನು ಸರಿಸಿ ನೇರ ಒಳಗೆ ನುಗ್ಗಿದೆ. ಫಾದರ್ ತೊಡೆಯ ಮೇಲೆ ಕೂರುವುದೊಂದು ಬಾಕಿ.

"ಇದು ನನ್ನ ಜಾಗ ಮಾರಾಯ!" ಎಂದರು ಅವರು. ಮಂಗಳೂರು ಕಡೆಯವರು, ಸಿಟ್ಟು ಬಂದರೂ ನಗು ಬಂದರೂ 'ಮಾರಾಯ' ಎನ್ನುತ್ತಿದ್ದರು. "ನಿನ್ನದು ಆ ಪಕ್ಕ. ಹೋಗಿ ಮೊಣಕಾಲೂರು."

ಪಕ್ಕದಲ್ಲಿ ಕತ್ತಲು, ಮುಖದ ಮುಂದೆ ಜಾಲರಿ. ನಾನು ಎಲ್ಲ ಹೇಳಿದೆ. ಬೀಗರ ಮನೆಯ ಮಾತು ಬಂದಾಗ ಅಳು ಬಂತು. ತಮಾಷೆಗೆ ಮಾಡಿದೆ ಎಂದೆ.

ಫಾದರ್ ಜಾಲರಿಯ ಹತ್ತಿರಕ್ಕೆ ಬಾಗಿದರು. "ನೀನು ಕ್ರಿಶ್ಚಿಯನ್ ಅಲ್ಲ, ನಿನಗೆ ಇಗರ್ಜಿಯ ಕ್ಷಮೆ ಕೊಡಲು ನನಗೆ ಬರುವುದಿಲ್ಲ. ನಿನಗೆ ಬೇಕಾದ ಕ್ಷಮೆ ಆ ಹುಡುಗನ ಹತ್ತಿರ ಉಂಟು. ಆದರೆ ನೀನು ಹೇಳಿದ್ದು ಇಲ್ಲಿಂದ ಹೊರಗೆ ಹೋಗುವುದಿಲ್ಲ." ಆಮೇಲೆ ಕೇಳಿದರು, "ಒಂದು ಹೇಳು. ಕಚೇರಿಯಲ್ಲಿ ಕೇಳಿದಾಗ ಬಾರದ ಬಾಯಿ ಇಲ್ಲಿ ಹೇಗೆ ಬಂತು?"

"ಇಲ್ಲಿ ನಿಮ್ಮ ಮಾರಿ ಕಾಣೂದಿಲ್ಲರಿ."

ಜಾಲರಿಯಾಚೆ ಅವರು 'ಹೂಂ' ಎಂದದ್ದು ಕೇಳಿಸಿತು.

ಮುಂದಿನ ವಾರ ಬೇವಿನ ಮರದ ಕೆಳಗೆ ಎರಡು ಬೆಂಚುಗಳು ಬೆನ್ನಿಗೆ ಬೆನ್ನು ಹಚ್ಚಿ ನಿಂತಿದ್ದವು. ಬೆಳಗಿನ ಪ್ರಾರ್ಥನೆಯಲ್ಲಿ ಫಾದರ್ ಹೇಳಿದರು: "ಶನಿವಾರ ಮಧ್ಯಾಹ್ನ ನಾನು ರಸ್ತೆಗೆ ಮುಖ ಮಾಡಿ ಒಂದು ಬೆಂಚಿನಲ್ಲಿ ಕುಳಿತಿರುತ್ತೇನೆ. ಹಿಂದಿನ ಬೆಂಚಿನಲ್ಲಿ ಯಾರು ಬೇಕಾದರೂ ಬಂದು ಕೂರಬಹುದು. ನಾನು ತಿರುಗಿ ನೋಡುವುದಿಲ್ಲ. ಪಾಪ ಹೇಳಬೇಕಾಗಿಲ್ಲ. ಹೊಟ್ಟೆಯಲ್ಲಿ ಭಾರ ಇದ್ದರೆ ಹೇಳಿ. ಮನೆ ನೆನಪಾದರೂ ಹೇಳಿ."

ಮೊದಲು ಹೋದವರೆಲ್ಲ ಕಿಡಿಗೇಡಿಗಳು. ಒಬ್ಬ ದನಿ ಬದಲಿಸಿ, "ಫಾದರ, ಸಾರಿನ್ಯಾಗ ಬ್ಯಾಳಿನೇ ಇರೂದಿಲ್ಲರಿ," ಎಂದು ಹೇಳಿ ಓಡಿಬಂದ. ಫಾದರ್ ತಿರುಗಲಿಲ್ಲ. ಮರುದಿನ ಸಾರಿನಲ್ಲಿ ಬೇಳೆ ಇತ್ತು. ಆಮೇಲೆ ನಿಜವಾದವರು ಹೋಗತೊಡಗಿದರು. ತಾಯಿ ತೀರಿಕೊಂಡ ಹುಡುಗ, ಹಾಸಿಗೆ ಒದ್ದೆ ಮಾಡುತ್ತಿದ್ದ ಹುಡುಗ, ಗಣಿತದ ಮಾಸ್ತರರ ಹೆಜ್ಜೆ ಸಪ್ಪಳಕ್ಕೇ ಹೊಟ್ಟೆನೋವು ಬರುತ್ತಿದ್ದ ಹುಡುಗ. ಯಾರು ಏನು ಹೇಳಿದರೋ ನಮಗೆ ತಿಳಿಯುತ್ತಿರಲಿಲ್ಲ. ಆದರೆ ಗಣಿತದ ಮಾಸ್ತರರ ಬೆತ್ತ ಕಾಣೆಯಾಯಿತು. ಬೀರಪ್ಪನೂ ಹೋಗಿ ಕುಳಿತ. ಏನೂ ಹೇಳಲಿಲ್ಲ. ಫಾದರ್ ಕೂಡ ಏನೂ ಕೇಳಲಿಲ್ಲ. ಬಿಸಿಲು ಇಳಿಯುವವರೆಗೆ ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಕೊಟ್ಟು ಸುಮ್ಮನೆ ಕುಳಿತಿದ್ದರು.

ಪಕ್ಕದ ಕಾನ್ವೆಂಟಿನಲ್ಲಿ ಸಿಸ್ಟರ್ ಅಗ್ನೆಸ್ ಎಂಬವರಿದ್ದರು. ಮೊದಲು ಮಂಗಳೂರಿನ ಕಡೆ ಕಿವುಡ ಮಕ್ಕಳಿಗೆ ಪಾಠ ಹೇಳಿದವರು. ಫಾದರ್ ಅವರನ್ನು ಕರೆಸಿದರು. ಆಕೆ ಬೀರಪ್ಪನಿಗೆ ಒಂದು ಉದ್ದದ ಕೆಲಸ ಹೇಳಿದರು: "ಅಡುಗೆಮನೆಗೆ ಹೋಗಿ ಎರಡು ಉಳ್ಳಾಗಡ್ಡಿ ತಾ. ಒಂದನ್ನು ಮಾಲಿಗೆ ಕೊಡು, ಅವನ ಹತ್ತಿರ ಕುಡುಗೋಲು ಇಸಿದುಕೋ. ಅದನ್ನು ಬಾವಿಯ ಕಟ್ಟೆಯ ಮೇಲೆ ಇಟ್ಟು, ಅಲ್ಲಿನ ಕೊಡ ತಂದು ಗಂಟೆಯ ಕೆಳಗಿಡು. ಎರಡನೇ ಉಳ್ಳಾಗಡ್ಡಿ ಚನಬಸಪ್ಪನ ಜೇಬಿಗೆ ಹಾಕು." ಅವನು ಒಂದೂ ತಪ್ಪದೆ ಎಲ್ಲ ಮಾಡಿ, ಕೊನೆಗೆ ನನ್ನ ಜೇಬಿಗೆ ಉಳ್ಳಾಗಡ್ಡಿ ಹಾಕಿ ನಿಂತ.

"ಇವನನ್ನು ದಡ್ಡ ಎಂದವರು ಯಾರು?" ಎಂದು ಸಿಸ್ಟರ್ ನಮ್ಮ ಮಾಸ್ತರರನ್ನೇ ಕೇಳಿದರು. "ಕಣ್ಣು ಸರಿ ಇದೆ, ತಲೆ ಸರಿ ಇದೆ. ನಡುವಿನ ದಾರಿ ಕೆಟ್ಟಿದೆ. ಬೇರೆ ದಾರಿ ಹಾಕೋಣ. ಕೈಯಿಂದ ಆಗದಿದ್ದರೆ ಕಾಲಿನಿಂದ."

ಆ ದಾರಿ ಹಾಕುವ ಕೆಲಸವನ್ನು ಫಾದರ್ ನನಗೆ ವಹಿಸಿದರು. ಯಾಕೆ ನನಗೇ ಎಂದು ಯಾರಿಗೂ ಹೇಳಲಿಲ್ಲ. ತಳಕ್ಕೆ ತೂತು ಹೊಡೆದ ಡಬ್ಬಿಯಲ್ಲಿ ಅಂಕಣ ಎಳೆಯುವ ಸುಣ್ಣದ ಪುಡಿ ತುಂಬಿಕೊಂಡು, ದಿನಾ ಬೆಳಿಗ್ಗೆ ನಾನು ಮೈದಾನದಲ್ಲಿ ಒಂದು ಅಕ್ಷರ ಬರೆಯಬೇಕು. ಒಂದೊಂದು ಅಕ್ಷರವೂ ಒಂದು ಕೋಣೆಯಷ್ಟು ದೊಡ್ಡದು. ಬೀರಪ್ಪ ಬರಿಗಾಲಲ್ಲಿ ಅದರ ಮೇಲೆ ನಡೆಯಬೇಕು. ಸಿಸ್ಟರ್ ಜೊತೆಗೆ ನಡೆಯುತ್ತ ಅದರ ಉಚ್ಚಾರ ಹೇಳಬೇಕು. ನಮ್ಮ ಅಕ್ಷರಗಳಲ್ಲಿ ಮೂಲೆಗಳು ಕಡಿಮೆ, ಎಲ್ಲ ತಿರುವು. ನಡೆಯಲೆಂದೇ ಮಾಡಿಸಿದ ಹಾಗೆ. ಹುಟ್ಟಿದಾಗಿನಿಂದ ಕುರಿಯ ಹಿಂದೆ ನಡೆದ ಹುಡುಗ ಎಲ್ಲಿ ಬಾಗಬೇಕು, ಎಲ್ಲಿ ಹೊರಳಬೇಕು ಎಂದು ಕಾಲಿನಲ್ಲೇ ತಿಳಿದುಕೊಂಡ. ಮಳೆ ಬಂದು ಅಳಿಸಿದರೆ ನಾನು ಮತ್ತೆ ಬರೆಯುತ್ತಿದ್ದೆ. ತಲೆ, ಮೂಗು, ಅಂಗಿ ಎಲ್ಲ ಸುಣ್ಣ.

"ಬೀರ್ಯಾ ಅ ಆ ಮೇಯಸಾಕ ಹೊಂಟಾನೋ!" ಎಂದು ಹುಡುಗರು ಕಿಟಕಿಯಿಂದ ಕೂಗಿದರು. ಸಿಸ್ಟರ್ ಅವರನ್ನು ಗದರಲಿಲ್ಲ. "ಬನ್ನಿ, ನೀವೂ ನಡೆಯಿರಿ," ಎಂದರು. ದೊಡ್ಡವರು ಬರಲಿಲ್ಲ. ಐದನೆಯ ತರಗತಿಯ ಸಣ್ಣವರು ಬಂದರು. ಕೆಲವೇ ದಿನಗಳಲ್ಲಿ ಬೀರಪ್ಪನ ಹಿಂದೆ ಮಕ್ಕಳ ಸಾಲೊಂದು ಅಕ್ಷರ ಸುತ್ತತೊಡಗಿತು. ಅವರಲ್ಲಿ ಕೆಲವರು ಅವನ ಹಾಗೆಯೇ ಪುಸ್ತಕಕ್ಕೆ ಹೆದರಿದವರು. ಅವನು ನಡೆಯುತ್ತಿದ್ದ, ಮಾತು ಮಾತ್ರ ಆಡುತ್ತಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಅವನ ಅಪ್ಪ ಮಾಳಪ್ಪ ಬಬಲೇಶ್ವರದ ಬಸ್ಸಿನಲ್ಲಿ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ನೇರ ಮೈದಾನಕ್ಕೇ ಬಂದು ಫಾದರ್ ಮುಂದೆ ನಿಂತ.

"ಯಪ್ಪಾ, ಮಗಾ ಮಾತ ಬಿಟ್ಟಾನಂತ ಊರಾಗ ಸುದ್ದಿ. ನಾ ಕಳಸಿದಾಗ ಬಾಯಿ ಇತ್ತು. ಈಗ ಇಲ್ಲಂದ್ರ ಅದನ್ನ ಯಾರ ತಗೊಂಡ್ರು?"

"ನಮ್ಮಲ್ಲೇ ಕಳೆದದ್ದು ಮಾಳಪ್ಪ. ಹುಡುಕುತ್ತಾ ಇದ್ದೇವೆ."

"ಹುಡಕೂದು ಬ್ಯಾಡ್ರಿ. ಕುರಿಗೋಳಿಗೆ ಮಾತ ಬೇಕಿಲ್ಲ, ಸಿಳ್ಳಿ ಸಾಕು. ಒಯ್ತೀನಿ."

"ಪರೀಕ್ಷೆ ತನಕ ಬಿಡಪ್ಪಾ," ಎಂದರು ಸಿಸ್ಟರ್.

"ಇರತೀನಿ ಅಂತ ಅಂವಾ ಅನ್ನಲಿ ಅಕ್ಕೋರ. ಅವನ ಬಾಯಿಲೆ ಒಂದ ಮಾತ ಬರ್ಲಿ. ಹಂಗ ಹೊಳ್ಳಿ ಹೋಗ್ತೀನಿ."

ಎಲ್ಲರೂ ಬೀರಪ್ಪನ ಕಡೆ ನೋಡಿದರು. ಅವನು ಸುಣ್ಣದ ಗೆರೆಯ ಮೇಲೆ ನಿಂತು ತನ್ನ ಪಾದ ನೋಡುತ್ತಿದ್ದ. ಮಾಳಪ್ಪ ಅವನ ಕೈ ಹಿಡಿದ. ಇನ್ನೊಂದು ಗಳಿಗೆಯಲ್ಲಿ ಅವನು ಹೊರಟುಹೋಗುತ್ತಾನೆ ಎಂದು ತಿಳಿದದ್ದೇ ನನ್ನ ಕೈಯಿಂದ ಡಬ್ಬಿ ಬಿತ್ತು.

"ಕಾಕಾ, ಅವನ ಬಾಯಿ ತಗೊಂಡಾಂವ ನಾನರಿ," ಎಂದೆ. ಸಣ್ಣ ಮಕ್ಕಳು, ಮಾಸ್ತರರು, ಅಡುಗೆಯವರು, ಎಲ್ಲರ ಮುಂದೆ ಹೇಳಿದೆ. ಓದಿದ್ದು, ಸೇರಿಸಿದ್ದು, ತಲೆ ತಗ್ಗಿಸಿದ್ದು. ತಮಾಷೆಗೆ ಮಾಡಿದೆ ಎಂದು ಇಲ್ಲೂ ಹೇಳಿದೆ.

ಮಾಳಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಯಾರ ಮಗಾ ನೀ?"

ತಿಕೋಟಾದ ಅಂಗಡಿಯ ಹೆಸರು ಹೇಳಿದೆ.

"ನಿಮ್ಮಪ್ಪನ ಕಡೆ ನಾ ಉಪ್ಪು ಒಯ್ದೀನಿ," ಎಂದ ಅವನು. "ತೂಕದಾಗ ಮೋಸ ಇರಲಿಲ್ಲ."

ಹೊಡೆದಿದ್ದರೆ ಸಹಿಸುತ್ತಿದ್ದೆ. ಆಗ ಹಿಂದಿನಿಂದ ತುಕ್ಕು ಹಿಡಿದಂಥ ಒಂದು ದನಿ ಬಂತು.

"ಗೊತ್ತೈತಿ."

ಬೀರಪ್ಪ ನನ್ನ ಕಡೆ ನೋಡುತ್ತಿದ್ದ. "ಓದುವಾಗ ಮೂಗಿನ್ಯಾಗ ನಗತಿದ್ದಿ."

"ಗೊತ್ತಿದ್ದೂ ಯಾಕ ಹೇಳಿದಿ ಲೇ ಸಾಹೇಬರ ಮುಂದ?" ಎಂದೆ.

"ಪುಸ್ತಕ ಓದಿದವ್ರಿಗೆ ನಗು ಬರತೈತಿ ಅಂತ ತಿಳಕೊಂಡಿದ್ದೆ. ನಾ ಎಂದ ಓದೀನಿ?" ಎಂದ. ಆಮೇಲೆ ಅಪ್ಪನ ಕೈ ಮೆಲ್ಲಗೆ ಬಿಡಿಸಿಕೊಂಡ. "ಯಪ್ಪಾ, ನೀ ಹೋಗು. ನಾ ಇದನ್ನ ಮುಗಿಸೇ ಬರಾಂವ."

ಸಿಸ್ಟರ್ ಬಾಯಿಗೆ ಸೆರಗು ಹಿಡಿದರು. ಫಾದರ್ ಆಕಾಶ ನೋಡಿದರು. ಮಾಳಪ್ಪ ಮಾತ್ರ ವ್ಯವಹಾರ ಮುಗಿದವನ ಹಾಗೆ ಕೋಲು ಎತ್ತಿಕೊಂಡ. "ಅಕ್ಕೋರ, ಆ ಸುಣ್ಣದಾಗ ಅವನ ಕಾಲ ಸುಡೂದಿಲ್ಲೇನ್ರಿ?"

"ಹಳೇ ಸುಣ್ಣ ಅಪ್ಪಾ. ಸುಡುವುದಿಲ್ಲ."

"ಹಂಗಾರ ನಡೀಲಿ," ಎಂದು ಬಸ್ಸಿನ ಕಡೆ ಹೊರಟ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಜಾಲರಿಯ ಹಿಂದೆಯೂ ಹೇಳದ್ದು, ಮಾಳಪ್ಪನ ಮುಂದೆಯೂ ಹೇಳದ್ದು. ಅದು ತಮಾಷೆ ಆಗಿರಲಿಲ್ಲ. ತಪಾಸಣೆಗೆ ಕೆಲವು ದಿನ ಮೊದಲು ಮಾಸ್ತರರು ತರಗತಿಯಲ್ಲಿ, "ಚನ್ಯಾ, ಬೀರಪ್ಪನ ಕಡಿಂದ ಸ್ವಲ್ಪ ಕಲೀಲೇ," ಎಂದಿದ್ದರು. ಓದಿ ಹೇಳುವವನು ನಾನು, ಹೊಗಳಿಕೆ ಅವನಿಗೆ. ಅವನು ಒಮ್ಮೆಯಾದರೂ ಎಲ್ಲರೆದುರು ಬೀಳಲಿ ಎಂದು ನಾನು ಬಯಸಿದ್ದೆ. ಬೇಕೆಂದೇ, ತಿಳಿದೇ ಮಾಡಿದ್ದು. ಇಷ್ಟು ವರ್ಷ ಇದನ್ನು ತಮಾಷೆ ಎಂದು ಹೇಳಿಕೊಂಡೇ ಬದುಕಿದೆ. ಬೀರಪ್ಪ ಈಗಲೂ ಕಾಖಂಡಕಿಯಲ್ಲಿದ್ದಾನೆ. ಇದು ಅಚ್ಚಾದರೆ ಅವನಿಗೆ ಕಳಿಸುತ್ತೇನೆ. ಅವನು ನಿಧಾನಕ್ಕೆ, ಒಂದು ಸಾಲನ್ನೂ ಬಿಡದೆ ಓದುತ್ತಾನೆ.

ಆಮೇಲಿನ ತಿಂಗಳುಗಳು ಓಡಿದವು. ಜೋಳ ತೆನೆ ಕಟ್ಟುವ ಹೊತ್ತಿಗೆ ಸುಣ್ಣದ ಅಕ್ಷರಗಳು ಚಿಕ್ಕವಾಗುತ್ತ ಬಂದವು. ಕೋಣೆಯಷ್ಟು ಇದ್ದದ್ದು ಕಂಬಳಿಯಷ್ಟಾಯಿತು, ಆಮೇಲೆ ತಟ್ಟೆಯಷ್ಟು, ಆಮೇಲೆ ಪಾಟಿಯ ಮೇಲೆ ಬಂತು. ಒಂದರ ಪಕ್ಕ ಒಂದು ಬರೆದು, ಒಂದು ಅಕ್ಷರದಿಂದ ಇನ್ನೊಂದಕ್ಕೆ ನಡೆಸಿ, ಪದ ಮಾಡಿಸಿದರು. ಪುಸ್ತಕಕ್ಕೆ ಬಂದಾಗ ಮತ್ತೆ ಕುರಿಗಳು ನುಗ್ಗಿದವು. ಸಿಸ್ಟರ್ ಊದಿನಕಡ್ಡಿಯ ರಟ್ಟಿನ ಡಬ್ಬಿ ಕತ್ತರಿಸಿ, ಒಂದೇ ಸಾಲು ಕಾಣುವಷ್ಟು ಕಿಂಡಿ ಕೊರೆದು ಕೊಟ್ಟರು. ಅದನ್ನು ಪುಟದ ಮೇಲಿಟ್ಟರೆ ಉಳಿದ ಸಾಲುಗಳೆಲ್ಲ ಮರೆ. ದಡ್ಡಿಯ ಬಾಗಿಲಿನಿಂದ ಒಂದೊಂದೇ ಕುರಿ ಹೊರಗೆ ಬಂದ ಹಾಗೆ ಅವನು ಓದತೊಡಗಿದ.

ಮೊದಲು ಪೂರ್ತಿ ಓದಿದ್ದು ಯಾವ ಪುಟ ಗೊತ್ತೇ? ಅವನೇ ಹಟ ಹಿಡಿದು ತೆಗೆಸಿದ. ಟಂಡ್ರಾ. ಗೋಡೆಯ ಮೇಲೆ ನಾನು ಪಕ್ಕದಲ್ಲಿ ಕುಳಿತಿದ್ದೆ. ಸೊಲ್ಲಾಪುರದ ಗಾಡಿ ಬಂದು ಹೋಯಿತು, ಅವನು ಹೊಗೆಯಲ್ಲೂ ಕಣ್ಣು ತೆರೆದೇ ಓದಿದ. ಕೊನೆಯ ಸಾಲು ಮುಗಿದ ಮೇಲೆ ಹಿಂದಿನ ಪುಟ ನೋಡಿದ, ಮುಂದಿನ ಪುಟ ನೋಡಿದ.

"ಬೀಗರು ಎಲ್ಲೂ ಇಲ್ಲಲೇ!" ಎಂದು ಗೋಡೆಯಿಂದ ಬೀಳುವ ಹಾಗೆ ನಕ್ಕ. ನಾನು ನಗಲು ಹೋಗಿ ಅತ್ತೆ. ಅವನು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟ.

ಪರೀಕ್ಷೆ ಊರಿನ ಇನ್ನೊಂದು ಶಾಲೆಯಲ್ಲಿ. ಮಾರ್ಚ್ ಬಿಸಿಲು ಹೆಂಚಿನಿಂದ ಇಳಿಯುತ್ತಿತ್ತು. ನಂಬರಿನ ಪ್ರಕಾರ ನನ್ನ ಮುಂದಿನ ಬೆಂಚು ಬೀರಪ್ಪನದು. ಹೆಚ್ಚಿನ ಸಮಯ ಕೊಡುವ ಪದ್ಧತಿ ಆಗ ಇರಲಿಲ್ಲ. ಒಂದು ಪ್ರಶ್ನೆ ಓದು, ಅದನ್ನು ಬರೆ, ಆಮೇಲೆ ಮುಂದಿನದು, ಎಲ್ಲ ಮುಗಿಸುವ ಆಸೆ ಬೇಡ ಎಂದು ಸಿಸ್ಟರ್ ಹೇಳಿಕೊಟ್ಟಿದ್ದರು. ಅವನು ರಟ್ಟನ್ನು ಪ್ರಶ್ನೆಪತ್ರಿಕೆಯ ಮೇಲೆ ಇಟ್ಟನೋ ಇಲ್ಲವೋ, ಮೇಲ್ವಿಚಾರಕರು ಹದ್ದಿನ ಹಾಗೆ ಎರಗಿದರು.

"ಏನಿದು? ಚೀಟಿ ತಂದೀಯೇನಲೇ?"

ರಟ್ಟು ಅವರ ಕೈಯಲ್ಲಿತ್ತು. ನಾನು ಎದ್ದು ನಿಂತೆ. "ಸರ್, ಅದರಾಗ ಏನೂ ಬರದಿಲ್ಲರಿ..."

"ಕೂಡ್ರಲೇ ನೀ! ನಿನ್ನೂ ಹೊರಗ ಹಾಕಬೇಕೇನು?"

ಮುಂದೆ ಕುಳಿತವನ ಬೆನ್ನು ನನಗೆ ಕಾಣುತ್ತಿತ್ತು. ಬೆವರಿಗೆ ಅಂಗಿ ಅಂಟಿಕೊಂಡಿತ್ತು. ಮತ್ತೊಬ್ಬ ಸಾಹೇಬ, ಮತ್ತೊಮ್ಮೆ ಎಲ್ಲರ ಕಣ್ಣು ಅವನ ಮೇಲೆ. ಮತ್ತೆ ಆ ಬಾಯಿ ಮುಚ್ಚಿಕೊಂಡರೆ ಈ ವರ್ಷವಲ್ಲ, ಎಂದೂ ತೆರೆಯುವುದಿಲ್ಲ ಎಂದು ನನಗೆ ಅನ್ನಿಸಿತು. ಬೀರಪ್ಪ ನಿಧಾನಕ್ಕೆ ಎದ್ದು ನಿಂತ. ಮೇಲ್ವಿಚಾರಕರಿಗಿಂತ ಅವನೇ ಎತ್ತರ.

"ಸರ್, ಅದು ನನ್ನ ಚಸ್ಮಾರಿ," ಎಂದ.

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಮೇಲ್ವಿಚಾರಕರು ರಟ್ಟನ್ನು ಹಿಂದೆ ಮುಂದೆ ತಿರುವಿದರು. ಬೆಳಕಿಗೆ ಹಿಡಿದರು. ಮೂಸಿಯೂ ನೋಡಿದರು, ಊದಿನಕಡ್ಡಿಯ ವಾಸನೆ ಇನ್ನೂ ಇತ್ತು. ಕೊನೆಗೆ ಕಿಂಡಿಯನ್ನು ಪ್ರಶ್ನೆಪತ್ರಿಕೆಯ ಮೇಲೆ ಇಟ್ಟು ಒಂದು ಸಾಲು ತಾವೇ ಓದಿದರು. ಅವರ ಹುಬ್ಬು ಸಡಿಲವಾಯಿತು.

"ಹೂಂ. ಹಾಕ್ಕೋ ನಿನ್ನ ಚಸ್ಮಾ," ಎಂದು ಹಿಂದಕ್ಕೆ ಕೊಟ್ಟರು.

ಗಂಟೆ ಬಾರಿಸುವವರೆಗೆ ಬೀರಪ್ಪ ತಲೆ ಎತ್ತಲಿಲ್ಲ. ನಾನು ನನ್ನ ಉತ್ತರ ಬರೆಯುವ ನಡುವೆ ಆಗಾಗ ಆ ಬೆನ್ನು ನೋಡಿದೆ. ಅದು ಬರೆಯುತ್ತಿತ್ತು.

ಫಲಿತಾಂಶದ ದಿನ ಮುಂಗಾರಿನ ಮೊದಲ ಮೋಡ ಕವಿದಿತ್ತು. ಊರೂರುಗಳಿಂದ ಬಂದ ಹುಡುಗರು ಬೇವಿನ ಮರದ ಕೆಳಗೆ ಗುಂಪಾಗಿ ನಿಂತಿದ್ದೆವು. ಕೆಲವರ ಅಪ್ಪಂದಿರೂ ಬಂದಿದ್ದರು. ಮಾಳಪ್ಪ ದೂರದಲ್ಲಿ ಕೋಲಿಗೆ ಗದ್ದ ಊರಿ ನಿಂತಿದ್ದ. ಫಾದರ್ ಕಚೇರಿಯಿಂದ ಹೆಸರುಗಳ ಹಾಳೆ ಹಿಡಿದು ಬಂದು, ಬೆಂಚಿನ ಹತ್ತಿರ ನಿಂತು, ಎಲ್ಲರ ಮೇಲೂ ಕಣ್ಣಾಡಿಸಿದರು.

"ಬೀರಪ್ಪ, ಬಾ ಮಾರಾಯ. ನೀನು ಓದು."

ಅವನು ಬೆಂಚು ಹತ್ತಿ ನಿಂತು ಹಾಳೆ ಹಿಡಿದ. ಬೆರಳು ಮೊದಲ ಹೆಸರಿನ ಕೆಳಗೆ ಹೋಯಿತು. ಅಕ್ಷರ ಅಕ್ಷರವಾಗಿ ಹೆಸರು, ಅಪ್ಪನ ಹೆಸರು, ಆಮೇಲೆ 'ಪಾಸು'. ಅಂತೋನಿ ಕುಣಿದ. ಮತ್ತೆ ಮುಂದಿನ ಸಾಲು. ಒಂದು ಹೆಸರಿನಲ್ಲಿ ತಡವರಿಸಿದ, ಹಿಂದಕ್ಕೆ ಬಂದು ಮತ್ತೆ ಓದಿದ. ಅಲ್ಲಿದ್ದ ಪ್ರತಿಯೊಬ್ಬನ ಹಣೆಬರಹ ಆ ಹಾಳೆಯಲ್ಲಿತ್ತು. ಬಾಯಿ ತೆರೆದರೆ ಹಂಗಿಸುವ ಹುಡುಗರು, ಅ ಆ ಮೇಯಿಸಲು ಹೊರಟ ಎಂದು ಕೂಗಿದ ಅದೇ ಹುಡುಗರು, ಬೇಗ ಓದು ಎಂದು ಒಬ್ಬನೂ ಅನ್ನಲಿಲ್ಲ. ಹಾಳೆ ಕಸಿದುಕೊಳ್ಳಲು ಒಬ್ಬನ ಕೈಯೂ ಏಳಲಿಲ್ಲ. ಅವನ ಬೆರಳು ಎಷ್ಟು ನಿಧಾನಕ್ಕೆ ಸರಿಯಿತೋ ಅಷ್ಟು ನಿಧಾನಕ್ಕೆ ಇಡೀ ಮೈದಾನ ಉಸಿರಾಡಿತು.

"ಬೀರಪ್ಪ ಮಾಳಪ್ಪ... ಪಾಸು," ಎಂದು ಓದಿ ಅವನು ಬೆರಳನ್ನು ಕೆಳಗಿನ ಸಾಲಿಗೆ ಜಾರಿಸಿದ.

ನಮಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಲೇ, ಅದು ನೀನಲೇ ಮಗನ!" ಎಂದು ಅಂತೋನಿ ಕಿರುಚಿದ. ಕೇಕೆ ಎದ್ದಿತು. ಸಿಸ್ಟರ್ ಕಾನ್ವೆಂಟಿನ ಗೇಟಿನಿಂದ ಓಡಿ ಬರುತ್ತಿದ್ದರು. ಮಾಳಪ್ಪ ಕಂಬಳಿಯನ್ನು ಗಾಳಿಗೆ ತೂರಿದ.

ಬೀರಪ್ಪ ಹಾಳೆಯಿಂದ ಕಣ್ಣು ಎತ್ತಲಿಲ್ಲ.

"ತಡೀರಿ ಲೇ," ಎಂದ. "ಇನ್ನೂ ಮಂದಿ ಕಾಯಾಕತ್ತಾರ."

ಗದ್ದಲ ನಿಂತಿತು. ಅವನು ಗಂಟಲು ಸರಿಮಾಡಿಕೊಂಡು ಮುಂದಿನ ಹೆಸರು ಓದಿದ. ಅದು ನನ್ನದು. ಎಲ್ಲೂ ಒಡೆಯದೆ, 'ಪಾಸು' ಎಂಬುದರವರೆಗೆ ಒಂದೇ ಉಸಿರಿನಲ್ಲಿ ಓದಿದ.